ನಾಲ್ಕನೆಯ ಗೆರೆ

ಶೆಟ್ಟಿಹಳ್ಳಿ, ತುಮಕೂರು
೧೨–೪–೧೯೮೩

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಮೈದುನ ಚನ್ನವೀರಯ್ಯನ ಶರಣು. ಯಾವಾಗಲೂ ಕಾರ್ಡಿನಲ್ಲಿ ಮುಗಿಸುವವನು ಈ ಸಲ ಕವರು ಅಂಟಿಸಿ ಕಳಿಸುತ್ತಿದ್ದೇನೆ. ಕೂತುಕೊಂಡು ಓದಿ.

ಈ ಬೇಸಿಗೆಯಲ್ಲಿ ಮಾರ್ಕೋನಹಳ್ಳಿ ಡ್ಯಾಮಿನ ನೀರು ಎಂದೂ ಕಾಣದಷ್ಟು ಕೆಳಗೆ ಇಳಿದಿದೆ. ಹೂಳಿನಲ್ಲಿ ಒಂದು ಕಾರು ಸಿಕ್ಕಿದೆ. ಮೊದಲು ಕಂಡವನು ಅಲ್ಲಿಯ ಚಿಕ್ಕಬೋರಯ್ಯ ಎಂಬ ರೈತ. "ಎಮ್ಮೆ ಬೆನ್ನು ಅಂದ್ಕಂಡೆ ಕಣಣ್ಣ. ಹೋಗಿ ಕೋಲಲ್ಲಿ ತಟ್ಟುದ್ರೆ ಟಂಗ್ ಅಂತು. ಎಮ್ಮೆ ಎಲ್ಲಾರ ಟಂಗ್ ಅಂತದಾ?" ಎಂದು ನನಗೆ ಹೇಳಿದ. ಮೈಯೆಲ್ಲ ತುಕ್ಕು ಹಿಡಿದು ಕೈಯಿಟ್ಟ ಕಡೆ ಉದುರುತ್ತಿತ್ತಂತೆ. ಒಳಗೆ ಹೂಳು ಬಿಟ್ಟರೆ ಏನೂ ಇರಲಿಲ್ಲ. ಪೊಲೀಸಿನವರೂ ಬಂದು ನೋಡಿಕೊಂಡು ಹೋಗಿದ್ದಾರೆ. ಆಮೇಲೆ ಚಿಕ್ಕಬೋರಯ್ಯ ಎಂಜಿನ್ನನ್ನು ಮಾತ್ರ ಗಾಡಿಗೆ ಹಾಕಿಕೊಂಡು, ಪಂಪಿಗೆ ಆಗುತ್ತದಾ ನೋಡು ಎಂದು ನನ್ನ ರಿಪೇರಿ ಶೆಡ್ಡಿಗೆ ತಂದ.

ಅದು ಫೋರ್ಡ್ ಎಂಜಿನ್ನು ಅತ್ತಿಗೆ. ಎಂಟು ಸಿಲಿಂಡರು, ಹೆಡ್ಡು ರೊಟ್ಟಿ ಹಂಚಿನ ಹಾಗೆ ಚಪ್ಪಟೆ, ವಾಲ್ವುಗಳೆಲ್ಲ ಬ್ಲಾಕಿನ ಒಳಗೇ. ಅಣ್ಣನ ಬಾಡಿಗೆ ಕಾರಿನದೂ ಅದೇ. ಹಾಗಂತ ಅಣ್ಣನದೇ ಎಂದು ಹೇಳಲಾರೆ, ಆ ಕಾಲದಲ್ಲಿ ಅಂಥವು ಈ ಕಡೆ ಬಹಳ ಓಡಾಡುತ್ತಿದ್ದವು. ನಂಬರ್ ಪ್ಲೇಟು ಇಲ್ಲ. ಎಂಜಿನ್ ನಂಬರಿನ ಜಾಗವನ್ನು ತುಕ್ಕು ತಿಂದಿದೆ.

ತುಕ್ಕಿಗೆ ಸಿಕ್ಕದೆ ಉಳಿದಿದ್ದರೆ ಒಳಗಿನ ಕ್ಯಾಮ್ ಶಾಫ್ಟ್ ಒಂದೇ, ಅದು ಎಣ್ಣೆಯಲ್ಲಿ ಇರುವಂಥದ್ದು. ಅದರ ಮೇಲೆ ಕಂಪನಿಯ ಗುರುತು ಎರಕದಲ್ಲೇ ಬಂದಿರುತ್ತದೆ, ಮುಟ್ಟಿದರೆ ಉಬ್ಬು. ಅದು ಎಲ್ಲ ಕಾರಿಗೂ ಒಂದೇ, ಪ್ರಯೋಜನವಿಲ್ಲ. ಬಿಚ್ಚಿ ಕಟ್ಟಿದವರು ಹಾಕಿದ ಗುರುತು ತಗ್ಗಾಗಿರುತ್ತದೆ. ನನಗೆ ಬೇಕಾದ್ದು ಆ ತಗ್ಗು. ಅಣ್ಣ ಎಂಜಿನ್ ಬಿಚ್ಚುತ್ತಿದ್ದ ಕಾಲದಲ್ಲಿ ನಾನು ಭದ್ರಾವತಿಯಲ್ಲಿದ್ದೆ. ಪಕ್ಕದಲ್ಲಿ ಲಾಟೀನು ಹಿಡಿದು ನಿಂತಿದ್ದವರು ನೀವು. ಏನಾದರೂ ಗುರುತು ಹಾಕಿದ್ದು ನೆನಪಿದೆಯಾ?

ಇನ್ನೊಂದು ಮಾತು. ಎಂಜಿನ್ನಿನಿಂದ ನೀರೆಲ್ಲ ಬಸಿದು ಮರದ ದಿಮ್ಮಿಯ ಮೇಲೆ ಇಟ್ಟಿದ್ದೇನೆ. ಆದರೂ ದಿನಾ ಬೆಳಗ್ಗೆ ಕೆಳಗಿನ ಬಾಣಲೆಯಲ್ಲಿ ನೀರು ನಿಂತಿರುತ್ತದೆ. ಎಲ್ಲೋ ಸಂದಿಯಲ್ಲಿ ಉಳಿದದ್ದಿರಬೇಕು.

ನಿಮ್ಮ
ಚನ್ನವೀರಯ್ಯ


ಗುಬ್ಬಿ
೧೮–೪–೧೯೮೩

ಚಿರಂಜೀವಿ ಚನ್ನವೀರಯ್ಯನಿಗೆ,

ಅತ್ತಿಗೆ ಹೊಂಬಾಳಮ್ಮನ ಆಶೀರ್ವಾದ. ನೀನು ಕೂತುಕೊಂಡು ಓದಿ ಎಂದೆ. ನಾನು ನಿಂತೇ ಓದಿದೆ, ಆಮೇಲೆ ಕೂತೆ.

ನೆನಪಿಲ್ಲದೆ ಏನಪ್ಪ. ಅಂಗಳದ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ, ಎಂಜಿನ್ ಇಳಿಸಿ, ನಟ್ಟು ಬೋಲ್ಟುಗಳನ್ನೆಲ್ಲ ಸೀಮೆಎಣ್ಣೆ ಬೋಗುಣಿಗೆ ಹಾಕುತ್ತಿದ್ದರು. ತೊಳೆದು ಒರೆಸಿ ಕೊಡುವುದು ನನ್ನ ಕೆಲಸ. ನೀನು ಹೇಳುವ ಶಾಫ್ಟನ್ನು ನಾನು ಒನಕೆ ಎನ್ನುತ್ತಿದ್ದೆ. ಮೈ ತುಂಬ ಕೋಳಿಮೊಟ್ಟೆಯಂಥ ಉಬ್ಬು. ಅದು ತಿರುಗಿದ ಹಾಗೆ ವಾಲ್ವುಗಳು ಏಳುತ್ತವೆ, ಕೂರುತ್ತವೆ ಎಂದು ಅವರು ತೋರಿಸಿಕೊಟ್ಟಿದ್ದರು.

ಎರಡು ಗುರುತು ಇವೆ. ಒಂದು, ಒನಕೆಯ ತುದಿಯ ಹಲ್ಲುಗಾಲಿಯಲ್ಲಿ. ಮೊದಲಿನದರ ಹಲ್ಲು ಮುರಿದು, ತುಮಕೂರಿನ ಗುಜರಿಯಿಂದ ಬೇರೆ ಎಂಜಿನ್ನಿನದು ತಂದು ಹಾಕಿದ್ದರು. ಅದರಲ್ಲಿ ಗಾಲಿ ಕೂಡಿಸುವ ಗುರುತಿಗೆಂದು ಕಂಪನಿ ಹಾಕಿದ್ದ ಚುಕ್ಕಿ ನಮ್ಮದಕ್ಕೆ ಸರಿಹೊಂದಲಿಲ್ಲ. ತಿರುಗಿಸಿ, ನೋಡಿ, ಕೊನೆಗೆ ಪಕ್ಕದ ಹಲ್ಲಿನ ಮೇಲೆ ತಾವೇ ಪಂಚಿನಲ್ಲಿ ಎರಡು ಚುಕ್ಕಿ ಹೊಡೆದರು, ಮೂಗುತಿಯ ಹರಳಿನ ಹಾಗೆ ಒಂದರ ಒತ್ತಿಗೊಂದು.

ಇನ್ನೊಂದು, ಒನಕೆಯ ಮೈಮೇಲೆ. ಎರಡು ಉಬ್ಬುಗಳ ನಡುವಿನ ಒರಟು ಜಾಗದಲ್ಲಿ. ಎಂಜಿನ್ ಬಿಚ್ಚಿದಾಗಲೆಲ್ಲ, ಮುಚ್ಚುವ ಮುಂಚೆ ತಮ್ಮ ಉಳಿ ಇಟ್ಟು ಅಡ್ಡಕ್ಕೆ ಒಂದು ಗೆರೆ ಹೊಡೆಯುತ್ತಿದ್ದರು. ಮೂರು ಸಲ ಬಿಚ್ಚಿದ್ದರು, ಮೂರು ಗೆರೆ. ಮೂರನೆಯದು ಹೊಡೆದ ದಿನ ನನ್ನನ್ನು ಕರೆದು, "ನೋಡೇ, ವಿಭೂತಿ ಆಯ್ತು. ಇನ್ನ ಇದುನ್ನ ಬಿಚ್ಚಂಗಿಲ್ಲ" ಎಂದು ನಕ್ಕರು. ನಾನು ಸುಮ್ಮನಿರಲಾರದೆ, "ನಾಕನೇ ಸಲ ಕೆಟ್ರೆ ಏನ್ಮಾಡ್ತೀರಿ?" ಎಂದೆ. "ವಿಭೂತಿಗೆ ನಾಕನೇ ಗೆರೆ ಎಲ್ಲೈತೆ? ನಾನ್ ಬದುಕಿರೋಗಂಟ ನಾಕನೇದು ಬೀಳಲ್ಲ ಬುಡು" ಎಂದರು.

ಅದಾದ ಕಾರ್ತಿಕದಲ್ಲೇ ಯಡಿಯೂರಿಗೆ ಬಾಡಿಗೆ ಹೋದದ್ದು. ಕೂತಿದ್ದವರು ಇಳಿದು ದರ್ಶನ ಮಾಡಿಕೊಂಡು ಬಸ್ಸಿನಲ್ಲಿ ವಾಪಸು ಬಂದರು. ಅವರನ್ನು ಇಳಿಸಿದ ಕಾರು ಬರಲಿಲ್ಲ. ಹತ್ತೊಂಬತ್ತು ವರ್ಷ ಆಗುತ್ತ ಬಂತು.

ಉಳಿ ನನ್ನ ದೇವರ ಗೂಡಿನಲ್ಲೇ ಇದೆ. ಅವತ್ತು ಅವರು ಅದನ್ನು ಮರೆತು ಹೋಗಿದ್ದರು. ದಿನಾ ವಿಭೂತಿ ಹಚ್ಚುತ್ತೇನೆ.

ಬಿಚ್ಚುವ ಮುಂಚೆ ಎಂಜಿನ್ನಿಗೆ ಒಂದು ಊದಿನಕಡ್ಡಿ ಹಚ್ಚು. ನಗಬೇಡ.

ಹೊಂಬಾಳಮ್ಮ


ಶೆಟ್ಟಿಹಳ್ಳಿ, ತುಮಕೂರು
೯–೫–೧೯೮೩

ಪೂಜ್ಯ ಅತ್ತಿಗೆಯವರಿಗೆ,

ಊದಿನಕಡ್ಡಿ ಹಚ್ಚಿದೆ, ನಗಲಿಲ್ಲ.

ಬಿಚ್ಚುವುದಕ್ಕೆ ಇಷ್ಟು ದಿನ ಹಿಡಿಯಿತು. ಈ ಚಪ್ಪಟೆ ಹೆಡ್ಡಿನ ಎಂಜಿನ್ನಿನಲ್ಲಿ ಕ್ಯಾಮ್ ಹೊರಗೆ ಬರಬೇಕಾದರೆ ವಾಲ್ವುಗಳನ್ನು ಒಂದೊಂದಾಗಿ ಕೀಳಬೇಕು, ಅವೆಲ್ಲ ಹೂಳಿನಲ್ಲಿ ಇಟ್ಟಿಗೆಯ ಹಾಗೆ ಕೂತಿದ್ದವು. ಮುಂದಿನ ಮುಚ್ಚಳದ ಬೋಲ್ಟುಗಳನ್ನಂತೂ ಗರಗಸದಲ್ಲಿ ಕುಯ್ದೆ.

ಗೇರಿನ ಮೇಲೆ ಎರಡು ಚುಕ್ಕಿ ಇವೆ. ಒತ್ತಿಗೊಂದು. ನೀವು ಬರೆದ ಹಾಗೇ, ಮೂಗುತಿಯ ಹಾಗೇ. ಕಂಪನಿಯ ಚುಕ್ಕಿ ಪಕ್ಕದ ಹಲ್ಲಿನ ಮೇಲಿದೆ. ಇದು ಅಣ್ಣನ ಕಾರು ಅತ್ತಿಗೆ.

ಶಾಫ್ಟಿನ ಮೈಮೇಲೆ ನೀವು ಹೇಳಿದ ಜಾಗದಲ್ಲಿ ಏನೋ ಇದೆ. ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಕಪ್ಪು ಜಿಡ್ಡು ಕಟ್ಟಿಕೊಂಡಿದೆ, ಗೆರೆ ಎಷ್ಟೆಂದು ಕಾಣುವುದಿಲ್ಲ. ಚುಕ್ಕಿ ಸಿಕ್ಕ ಮೇಲೆ ಗೆರೆ ಯಾಕೆ?

ದೊಡ್ಡ ಮಾತು ಆಡುತ್ತಿದ್ದೇನೆ, ಕ್ಷಮಿಸಿ. ಅಣ್ಣನ ಕಾರ್ಯ ಆಗಿಲ್ಲ. ಹೆಣ ಕಾಣದೆ ಮಾಡಬಾರದು ಎಂದು ನೀವು ಹಿಡಿದ ಹಟಕ್ಕೆ ನಾವು ಯಾರೂ ಎದುರಾಡಲಿಲ್ಲ. ಈಗ ಕಾರು ಸಿಕ್ಕಿದೆ. ಅಯ್ಯನವರನ್ನು ಕರೆಸಿ ಶಿವಗಣಾರಾಧನೆ ಮಾಡಿಸಿಬಿಡೋಣ. ಇಷ್ಟು ವರ್ಷ ನೀರಿನಲ್ಲಿ ಇದ್ದ ಜೀವಕ್ಕೆ ಒಂದು ನೆಲೆ ಆಗಲಿ.

ಬಾಣಲೆಯಲ್ಲಿ ಈಗಲೂ ನೀರು ಬರುತ್ತಿದೆ. ಬ್ಲಾಕು ಖಾಲಿ, ಒಳಗೆ ಕೈ ಹಾಕಿ ನೋಡಿದ್ದೇನೆ.

ಚನ್ನವೀರಯ್ಯ


ಗುಬ್ಬಿ
೧೫–೫–೧೯೮೩

ಚಿರಂಜೀವಿ ಚನ್ನವೀರಯ್ಯನಿಗೆ,

ಆಗುವುದಿಲ್ಲ. ಕಾರು ಸಿಕ್ಕಿದೆ, ಮನುಷ್ಯ ಸಿಕ್ಕಿಲ್ಲ. ಕಾರಿಗೆ ಯಾರಾದರೂ ಶಿವಗಣಾರಾಧನೆ ಮಾಡುತ್ತಾರಾ?

ನಾನು ಮೂರನೇ ಕ್ಲಾಸು ಓದಿದವಳು, ನನಗೆ ತಿಳಿದಷ್ಟು ಹೇಳುತ್ತೇನೆ. ಸತ್ತವರಿಗೆ ಕಾರ್ಯ ಮಾಡದೆ ಬಿಟ್ಟರೆ ಅದು ನನ್ನ ತಲೆಯ ಮೇಲೆ. ಬದುಕಿರುವವರಿಗೆ ಮಾಡಿದರೂ ನನ್ನ ತಲೆಯ ಮೇಲೆ. ಎಲ್ಲೋ ಒಂದು ಕಡೆ ಅನ್ನ ತಿನ್ನುತ್ತ ಕೂತವರನ್ನು ನಾನು ಇಲ್ಲಿ ತಾಳಿ ಬಿಚ್ಚಿ ಸಾಯಿಸಿದ ಹಾಗೆ ಆಗುತ್ತದೆ. ಇಷ್ಟು ವರ್ಷ ಈ ಹೊಸ್ತಿಲಿಂದ ಆಚೆಗೂ ಈಚೆಗೂ ಕಾಲಿಡದೆ ನಿಂತಿದ್ದೇನೆ. ಯಾವ ಕಡೆ ಇಡಬೇಕೆಂದು ಗೊತ್ತಾದ ದಿನ ಇಡುತ್ತೇನೆ.

ಕಾರು ಮಾರಿಕೊಂಡು ಹೋದರು, ಇನ್ನೊಂದು ಸಂಸಾರ ಮಾಡಿಕೊಂಡರು ಎಂದವರು ಎಷ್ಟು ಜನ! ಮೊನ್ನೆ ನೀರಿನ ಹತ್ತಿರ ಪಕ್ಕದ ಮನೆಯ ಬಸ್ ಕಂಡಕ್ಟರನ ಹೆಂಡತಿ ಪುಟ್ಟತಾಯಮ್ಮ, "ಏನ್ ಹೊಂಬಾಳಕ್ಕ, ಕಾರು ಸಿಕ್ತಂತೆ, ಡ್ರೈವರ್ ಇಳ್ಕಂಡ್ಬುಟ್ಟಿದ್ನಂತೆ?" ಎಂದಳು. "ಹೂಂ ಕಣೇ, ನಿನ್ನ ಗಂಡನ್ನ ಕೇಳು, ಅವತ್ತು ಟಿಕೆಟ್ ಕೊಟ್ಟೋನು ಅವನೇ ಇರ್ಬೇಕು" ಎಂದು ಬಿಂದಿಗೆ ಎತ್ತಿಕೊಂಡು ಬಂದೆ. ಬಂದು ಅಳಲಿಲ್ಲ. ಮುತ್ತುಗದ ಊಟದೆಲೆ ಹಚ್ಚಿ ಮುಗಿಸಿ, ದೇವರ ಮುಂದೆ ಕೂತೆ.

ಚುಕ್ಕಿ ಹೊಡೆದ ಗೇರನ್ನು ಅವರೇ ಬಿಚ್ಚಿ ಇನ್ನೊಬ್ಬರಿಗೆ ಕೊಟ್ಟಿರಬಹುದು. ಒನಕೆಯ ಗೆರೆ ನೋಡದೆ ನಾನು ಒಪ್ಪುವವಳಲ್ಲ. ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ವಿಭೂತಿ ತಿಕ್ಕು. ಸೀಮೆಸುಣ್ಣ ಸಿಕ್ಕದಿದ್ದರೆ ಅವರು ಹಾಗೇ ಮಾಡುತ್ತಿದ್ದರು. ತಗ್ಗಿನಲ್ಲಿ ಬಿಳಿ ಉಳಿಯುತ್ತದೆ, ಮಿಕ್ಕದ್ದು ಒರೆಸಿದರೆ ಹೋಗುತ್ತದೆ, ಎಂಥ ಸವೆದ ಗುರುತಾದರೂ ಕಾಣುತ್ತದೆ. ನಿನ್ನ ಹತ್ತಿರ ಒಳ್ಳೆಯದು ಇರಲಾರದು. ಈ ಕವರಿನಲ್ಲಿ ನಮ್ಮೂರ ಸ್ವಾಮಿಯ ಗದ್ದುಗೆಯ ವಿಭೂತಿ ಇಟ್ಟಿದ್ದೇನೆ.

ಹೊಂಗೆ ಮರದ ಕೆಳಗೆ ಎಂಜಿನ್ ಇಳಿಸುತ್ತಿದ್ದ ಜಾಗ ನಿನಗೆ ಗೊತ್ತಲ್ಲ, ಎಣ್ಣೆ ಕುಡಿದು ಹುಲ್ಲು ಹುಟ್ಟದ ಜಾಗ. ಏಪ್ರಿಲ್ಲಿನಿಂದ ಅದು ಒಣಗುತ್ತಿಲ್ಲ. ಮಳೆ ಇಲ್ಲ, ನಾನೂ ನೀರು ಹಾಕಿಲ್ಲ. ಕಾಲಿಟ್ಟರೆ ತಣ್ಣಗೆ ಇರುತ್ತದೆ. ನಿನ್ನ ಬಾಣಲೆಯ ಮಾತು ಓದಿದ ಮೇಲೆ ಹೇಳಬೇಕೆನಿಸಿತು.

ಹೊಂಬಾಳಮ್ಮ


ಶೆಟ್ಟಿಹಳ್ಳಿ, ತುಮಕೂರು
೨೪–೫–೧೯೮೩

ಪೂಜ್ಯ ಅತ್ತಿಗೆಯವರಿಗೆ,

ವಿಭೂತಿ ತಿಕ್ಕಿದೆ. ಗೆರೆಗಳು ಹಾಲಿನ ಹಾಗೆ ಎದ್ದು ಕಂಡವು.

ನಾಲ್ಕಿವೆ.

ಎಣ್ಣೆ ಹಾಕಿ ತೊಳೆದು ಮತ್ತೆ ತಿಕ್ಕಿದೆ. ನಾಲ್ಕೇ. ಮೊದಲ ಮೂರು ಒಂದರ ಕೆಳಗೊಂದು ಸಮನಾಗಿವೆ. ನಾಲ್ಕನೆಯದು ಅವುಗಳ ಕೆಳಗೆ, ಅದೇ ಉದ್ದ, ಅದೇ ಅಂತರ, ಆದರೆ ನಟ್ಟ ನಡುವೆ ಒಂದು ಕಡೆ ತುಂಡಾಗಿದೆ. ಉಳಿಯ ಬಾಯಿ ಅಲ್ಲಿ ಮುಕ್ಕಾಗಿದ್ದರೆ ಮಾತ್ರ ಹಾಗೆ ಬೀಳುತ್ತದೆ. ಅದರಲ್ಲಿ ಜಿಡ್ಡೂ ಕಡಿಮೆ. ಮೂರು ಗೆರೆ ಕಪ್ಪಾಗಿದ್ದವು, ಇದು ತೊಳೆದ ಕೂಡಲೇ ಹೊಳೆಯಿತು.

ಅಣ್ಣ ನಿಮಗೆ ಹೇಳದೆ ಇನ್ನೊಂದು ಸಲ ಬಿಚ್ಚಿದ್ದಿರಬಹುದು. ಅಥವಾ ಬೇರೆ ಯಾರೋ ಬೇರೆ ಉಳಿಯಲ್ಲಿ ಹೊಡೆದಿರಬಹುದು. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವವನಲ್ಲ ನಾನು. ಆದರೂ ನಿಮ್ಮಲ್ಲಿರುವ ಉಳಿಯನ್ನು ಒಂದು ಬಟ್ಟೆ ಸೋಪಿನ ಮೇಲೆ ಒತ್ತಿ, ಆ ಸೋಪನ್ನು ಹತ್ತಿಯಲ್ಲಿ ಸುತ್ತಿ, ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕಳಿಸಿ. ಹೊಂದಿಸಿ ನೋಡುತ್ತೇನೆ.

ಚನ್ನವೀರಯ್ಯ


ಗುಬ್ಬಿ
೩೦–೫–೧೯೮೩

ಚನ್ನವೀರಯ್ಯನಿಗೆ,

ಸೋಪು ಕಳಿಸಿದ್ದೇನೆ. ಒತ್ತಿದ ಮೇಲೆ ನೋಡಿದೆ. ಗೆರೆ ನಟ್ಟ ನಡುವೆ ತುಂಡಾಗಿದೆ.

ಇದನ್ನು ಓದಿ, ಆಮೇಲೆ ಹೊಂದಿಸು. ಈ ಉಳಿಯ ಬಾಯಿ ಮುಕ್ಕು ಮಾಡಿದವಳು ನಾನು. ಅವರು ಇದ್ದಾಗ ಅಲ್ಲ. ಅವರು ಹೋದ ಮುಂದಿನ ಬೇಸಿಗೆಯಲ್ಲಿ. ಟ್ರಂಕಿನ ಬೀಗದ ಕೈ ಅವರ ಕಾರಿನ ಕೀ ಗೊಂಚಲಿನಲ್ಲೇ ಇತ್ತು. ಎಷ್ಟು ದಿನ ಕಾಯುವುದು ಎಂದು ಬಸವ ಜಯಂತಿಯ ಹಿಂದಿನ ದಿನ ಇದೇ ಉಳಿಯಿಟ್ಟು ಗುಂಡುಕಲ್ಲಿನಲ್ಲಿ ಹೊಡೆದು ಬೀಗ ಒಡೆದೆ. ಬೀಗ ಬಿತ್ತು, ಉಳಿಯ ಒಂದು ಚೂರೂ ಹಾರಿತು. ಅವರ ಸಾಮಾನು ಕೆಡಿಸಿದೆನಲ್ಲ ಎಂದು ತೊಳೆದು, ವಿಭೂತಿ ಹಚ್ಚಿ ಗೂಡಿನಲ್ಲಿ ಇಟ್ಟವಳು, ಅವತ್ತಿನಿಂದ ಇವತ್ತಿನವರೆಗೂ ಯಾರಿಗೂ ಮುಟ್ಟಲು ಕೊಟ್ಟಿಲ್ಲ.

ಕಾರು ಮನೆ ಬಿಟ್ಟಾಗ ಈ ಮುಕ್ಕು ಇರಲಿಲ್ಲ. ಮುಕ್ಕಾದ ಮೇಲೆ ಉಳಿ ಮನೆ ಬಿಟ್ಟಿಲ್ಲ.

ಹೊಂದಿದರೆ ಬರೆ. ಹೊಂದದಿದ್ದರೂ ಬರೆ.

ಹೊಂಬಾಳಮ್ಮ


ಶೆಟ್ಟಿಹಳ್ಳಿ, ತುಮಕೂರು
೨೧–೬–೧೯೮೩

ಪೂಜ್ಯ ಅತ್ತಿಗೆಯವರಿಗೆ,

ಹೊಂದಿತು. ಮುಕ್ಕಿನ ಅಂಚಿನಲ್ಲಿ ಒಂದು ಸಣ್ಣ ಕೊಕ್ಕೆಯಿದೆ ನೋಡಿ, ಅದೂ ಸಮೇತ ಹೊಂದಿತು.

ನಾನು ನಿಮಗೆ ಕಾರ್ಯ ಮಾಡಿ ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಒಲೆಗೆ ಹಾಕಿ. ಅತ್ತಿಗೆ, ಅಣ್ಣ ಆಗ ಬದುಕಿದ್ದ! ಕಾರ್ತಿಕದಲ್ಲಿ ಹೋದವನು ಮುಂದಿನ ಬೇಸಿಗೆಯಲ್ಲಿ ಎಲ್ಲೋ ಎಂಜಿನ್ ಬಿಚ್ಚಿದ್ದಾನೆ. ಗೆರೆಗೆ ತನ್ನ ಉಳಿಯೇ ಬೇಕೆಂದು ಮನೆಗೆ ಬಂದಿದ್ದಾನೆ. ಹಿಂಬಾಗಿಲಿಗೆ ನೀವು ಅಗಳಿ ಹಾಕುತ್ತಿರಲಿಲ್ಲ, ಅವನು ಬರುತ್ತಾನೆಂದು. ಬಂದಿದ್ದಾನೆ, ಒಯ್ದಿದ್ದಾನೆ, ತಂದಿಟ್ಟು ಹೋಗಿದ್ದಾನೆ. ಬೇರೆ ಹೇಗೆ ಆದೀತು? ಆಮೇಲೆ ಕಾರನ್ನು ಯಾರಿಗಾದರೂ ಕೊಟ್ಟಿರಬೇಕು, ನೀರಿಗೆ ಬಿದ್ದವರು ಅವರು. ಅಣ್ಣ ಇವತ್ತಿಗೂ ಇರಬಹುದು. ನಿಮ್ಮ ತಾಳಿ ಗಟ್ಟಿ.

ಎರಡು ಸಲ ಕುಣಿಗಲ್ಲಿಗೆ ಹೋಗಿ ಬಂದೆ. ಅಂಜಿನಪ್ಪ ಎಂಬ ಹಳೆಯ ಬಸ್ ಕ್ಲೀನರ್ ಸಿಕ್ಕ. "ಆ ಕಪ್ಪು ಫೋರ್ಡ್ ಕಾರಾ? ಮಾರನೇ ವರ್ಷಾನೂ ನೋಡಿವ್ನಿ ಸ್ವಾಮಿ, ಯಡಿಯೂರು ರಸ್ತೇಲಿ" ಎಂದ. ಓಡಿಸುತ್ತಿದ್ದವರು ಯಾರು ಎಂದೆ. "ಮಟಮಟ ಮಧ್ಯಾಹ್ನ, ಗಾಜೆಲ್ಲ ನೀರು ಹನೀತಿತ್ತು, ಮುಖ ಕಾಣ್ನಿಲ್ಲ" ಎಂದ. ಕುಡಿದಿದ್ದನೇನೋ. ಕಾರಂತೂ ನೋಡಿದ್ದಾನಲ್ಲ!

ನಾನು ಹುಡುಕುತ್ತೇನೆ. ಶೆಡ್ಡಿಗೆ ಬೀಗ ಹಾಕಿಯಾದರೂ ಹುಡುಕುತ್ತೇನೆ.

ಚನ್ನವೀರಯ್ಯ


ಗುಬ್ಬಿ
೨೨–೮–೧೯೮೩

ಚಿರಂಜೀವಿ ಚನ್ನವೀರಯ್ಯನಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಆಮೇಲೆ ಬಂದ ಕಾರ್ಡುಗಳೂ ತಲುಪಿವೆ. ತಿಪಟೂರು, ಹಾಸನ, ಮತ್ತೆ ಕುಣಿಗಲ್. ಎಲ್ಲದರಲ್ಲೂ ಸಿಗಲಿಲ್ಲ, ಸಿಗುತ್ತಾನೆ, ಎರಡೇ ಮಾತು. ನಿನಗೆ ಕಾಲು ನೋವಿದೆ ಎಂದು ನಿನ್ನ ಹೆಂಡತಿ ಹೇಳಿಕಳಿಸಿದ್ದಾಳೆ. ಸಾಕು ಮಾಡು.

ನಾನು ಇಷ್ಟು ದಿನ ಬರೆಯದಿದ್ದದ್ದು ಯೋಚನೆ ಮಾಡುತ್ತಿದ್ದೆ ಎಂದಲ್ಲ. ನೆನಪಾದದ್ದನ್ನು ಕಾಗದದ ಮೇಲೆ ಇಡಲು ಧೈರ್ಯ ಇರಲಿಲ್ಲ. ಇವತ್ತು ಶ್ರಾವಣದ ಎರಡನೆಯ ಸೋಮವಾರ, ಗದ್ದುಗೆಗೆ ಹೋಗಿ ಬಂದು ಬರೆಯುತ್ತಿದ್ದೇನೆ.

ಬೀಗ ಒಡೆದ ಅದೇ ಬೇಸಿಗೆಯಲ್ಲಿ ನನಗೆ ವಿಷಮಶೀತ ಜ್ವರ ಬಂದಿತ್ತು, ನಿನಗೂ ಗೊತ್ತು. ಒಂದು ಮಧ್ಯಾಹ್ನ ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದೆ. ಪುಟ್ಟತಾಯಮ್ಮ ಗಂಜಿ ಕೊಟ್ಟು ಹೋಗಿದ್ದಳು. ಬಿಸಿಲು ಹೊರಗೆ ಧಗಧಗ ಎನ್ನುತ್ತಿತ್ತು. ಸೀಮೆಎಣ್ಣೆಯ ವಾಸನೆ ಬಂತು, ಕಣ್ಣು ತೆರೆಯಲು ಆಗಲಿಲ್ಲ. ಯಾರೋ ಹಣೆಯ ಮೇಲೆ ಕೈ ಇಟ್ಟರು. ಬಾವಿಯಿಂದ ಆಗ ತಾನೇ ಸೇದಿದ ನೀರಿನಂಥ ಕೈ. ಹಾಯೆನಿಸಿ ಹಾಗೇ ನಿದ್ದೆ ಹೋದೆ.

ಎದ್ದಾಗ ಜ್ವರ ಬಿಟ್ಟಿತ್ತು. ಹಣೆ, ಕೂದಲು, ತಲೆದಿಂಬು ಎಲ್ಲ ನೆನೆದಿತ್ತು. ಬೆವರು ಎಂದುಕೊಂಡೆ. ಹಿಂಬಾಗಿಲಿಂದ ದೇವರ ಗೂಡಿನವರೆಗೂ ನೆಲ ಒದ್ದೆಯಾಗಿತ್ತು. ಬಿಂದಿಗೆ ಸೋರಿದೆ ಎಂದುಕೊಂಡೆ. ಉಳಿಯ ಮೇಲೆ ನಾನು ಹಚ್ಚಿದ್ದ ವಿಭೂತಿ ಇರಲಿಲ್ಲ, ಎಣ್ಣೆ ಹನಿ ಇಳಿಯುತ್ತಿತ್ತು. ಕಪ್ಪು ಎಣ್ಣೆ. ನಾನು ಏನು ಮಾಡಿದೆ ಗೊತ್ತಾ? ದೇವರ ದೀಪದ ಎಣ್ಣೆ ಚೆಲ್ಲಿದೆ, ಸ್ವಾಮಿಯೇ ಜ್ವರ ಇಳಿಸಿ ಗುರುತು ಕೊಟ್ಟಿದ್ದಾನೆ ಎಂದು ಬೆರಳಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಉರಿಯಿತು. ಭಕ್ತಿಗೆ ಕಣ್ಣೀರು ಬಂತು ಎಂದುಕೊಂಡೆ. ದೀಪದ ಎಣ್ಣೆ ಕಣ್ಣು ಉರಿಸುತ್ತದಾ ಚನ್ನವೀರಯ್ಯ? ದೀಪದ ಎಣ್ಣೆ ಕಪ್ಪಗಿರುತ್ತದಾ? ಎಂಜಿನ್ನಿನ ಎಣ್ಣೆ ವರ್ಷಗಟ್ಟಲೆ ಕೈಯಲ್ಲಿ ಒರೆಸಿದವಳಿಗೆ ಅವತ್ತು ತಿಳಿಯಲಿಲ್ಲ.

ಅವರು ಬಂದಿದ್ದರು. ನೀನು ಹೇಳಿದ್ದು ಸರಿ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ಬದುಕಿದ್ದು ಬಂದಿದ್ದರೆ, ಕಳ್ಳನ ಹಾಗೆ ಹಿಂಬಾಗಿಲಿಂದ ಬಂದು, ಜ್ವರದಲ್ಲಿ ಬಿದ್ದ ಹೆಂಡತಿಯ ಹಣೆ ಮುಟ್ಟಿ ನೋಡಿ, "ಏಳೇ, ಬಂದಿವ್ನಿ" ಎಂದು ಒಂದು ಮಾತು ಆಡದೆ, ಒಂದು ಲೋಟ ನೀರು ಕೊಡದೆ, ಉಳಿ ಎತ್ತಿಕೊಂಡು ಹೋದರು ಎಂದಾಯಿತು. ತಂದಿಡಲು ಬಂದಾಗಲೂ ಎಬ್ಬಿಸಲಿಲ್ಲ. ಆಮೇಲೆ ಹದಿನೆಂಟು ವರ್ಷ ತಿರುಗಿ ನೋಡಲಿಲ್ಲ. ನೀನು ಕಾಲು ನೋಯಿಸಿಕೊಂಡು ಹುಡುಕುತ್ತಿರುವವರು ಅಂಥವರು. ನನ್ನ ತಾಳಿ ಗಟ್ಟಿ ಎಂದು ಬರೆದೆಯಲ್ಲ, ಅಂಥವರಿಗೆ ನಾನು ತಾಳಿ ಕಟ್ಟಿಸಿಕೊಂಡಿಲ್ಲಪ್ಪ.

ನನಗೆ ಕಟ್ಟಿದವರು, ನಾನು ಬದುಕಿರೋಗಂಟ ನಾಲ್ಕನೆಯ ಗೆರೆ ಬೀಳಲ್ಲ ಎಂದವರು. ಆಡಿದ ಮಾತು ತಪ್ಪಿದವರಲ್ಲ. ಗೆರೆ ಬಿದ್ದಿದೆ. ಬಿರು ಬೇಸಿಗೆಯಲ್ಲಿ ಮೈಯೆಲ್ಲ ಒದ್ದೆ ಮಾಡಿಕೊಂಡು ಬಂದಿದ್ದರು. ನನ್ನನ್ನು ಎಬ್ಬಿಸಲು ಆಗುತ್ತಿರಲಿಲ್ಲ, ಅದಕ್ಕೆ ಎಬ್ಬಿಸಲಿಲ್ಲ. ನಾನು ಹೋಗಿದ್ದೇನೆ ಕಣೇ ಎಂದು ಹೇಳಬೇಕಿತ್ತು, ಬಾಯಿ ಇರಲಿಲ್ಲ, ಉಳಿ ಇತ್ತು. ಗೆರೆ ಹೊಡೆದು ಹೇಳಿದರು. ಓದಲು ನನಗೆ ಇಷ್ಟು ವರ್ಷ ಹಿಡಿಯಿತು.

ಬದುಕಿದ್ದು ಎಬ್ಬಿಸದೆ ಹೋದವರೋ, ಸತ್ತು ಎಬ್ಬಿಸಲಾರದೆ ಹೋದವರೋ ಎಂದು ಕೇಳಿದರೆ, ಎರಡನೆಯವರೇ ನನ್ನವರು.

ಅಯ್ಯನವರಿಗೆ ಹೇಳಿಕಳಿಸಿದ್ದೇನೆ. ಕಾರ್ತಿಕದ ಮೊದಲ ಸೋಮವಾರ ಕಾರ್ಯ. ನೀನು ಒಪ್ಪುವುದಿಲ್ಲ ಎಂದು ಗೊತ್ತು. ಒಪ್ಪದಿದ್ದರೂ ಬಾ. ಒನಕೆ ತೆಗೆದುಕೊಂಡು ಬಾ.

ಹೊಂಬಾಳಮ್ಮ


ಗುಬ್ಬಿ
೨೧–೧೧–೧೯೮೩

ಚಿರಂಜೀವಿ ಚನ್ನವೀರಯ್ಯನಿಗೆ,

ಕಾರ್ಯದ ದಿನ ನೀನು ಊಟಕ್ಕೆ ಕೂರಲಿಲ್ಲ. ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದೆ. ನನಗೆ ಸಿಟ್ಟಿಲ್ಲ. ನಿನಗೆ ಅಣ್ಣ ಬೇಕು, ಹೇಗಾದರೂ ಇರಲಿ, ಎಲ್ಲಾದರೂ ಇರಲಿ. ತಮ್ಮನಿಗೆ ಅದು ಸರಿ.

ಅಯ್ಯನವರು ಹೆಸರು ಕೇಳಿದಾಗ ಎಲ್ಲರೂ ನಿನ್ನ ಕಡೆ ನೋಡಿದರು. ನಾನೇ ಹೇಳಿದೆ. ಮದುವೆಯಾದಂದಿನಿಂದ ಆಡದ ಹೆಸರು. ಸಿದ್ದಗಂಗಯ್ಯ. ಇನ್ನು ಬರೆಯಬಹುದು, ಅದಕ್ಕೆ ಬರೆದೆ.

ನೀನು ತುಮಕೂರಿಗೆ ಹೋದ ಮಾರನೇ ವಾರ ಒನಕೆಯನ್ನೂ ಉಳಿಯನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮಾರ್ಕೋನಹಳ್ಳಿಗೆ ಹೋದೆ. ನೀರು ಮತ್ತೆ ತುಂಬಿಕೊಂಡಿದೆ. ಚಿಕ್ಕಬೋರಯ್ಯ ಏರಿಯ ಮೇಲೆ ಕರೆದುಕೊಂಡು ಹೋಗಿ, "ಅಗೋ ಅಲ್ಲೇ ಕಣವ್ವ ಸಿಕ್ಕಿದ್ದು" ಎಂದು ತೋರಿಸಿದ. ಗಂಟು ನೋಡಿ, "ಗುಜರೀಗ್ ಹಾಕುದ್ರೆ ಕಾಸಾಗದಲ್ಲವ್ವ" ಎಂದೂ ಹೇಳಿದ. "ಇದು ನಮ್ಮನೇದು ಕಣಪ್ಪ, ಗುಜರೀದಲ್ಲ" ಎಂದೆ. ಆಮೇಲೆ ಅವನೇ ಚಪ್ಪಲಿ ಬಿಟ್ಟು, ತನ್ನ ತೆಪ್ಪದಲ್ಲಿ ಒಯ್ದು ನಡುನೀರಿಗೆ ಬಿಟ್ಟು ಬಂದ. ಬಂದವನು, ಅಲ್ಲಿ ನೀರಿನ ಮೇಲೆ ಎಣ್ಣೆ ಪಸೆ ಹರಡಿತು, ಎಷ್ಟು ಹೊತ್ತಾದರೂ ಕರಗಲಿಲ್ಲ ಎಂದ.

ಹೊಂಗೆಯ ಕೆಳಗಿನ ಜಾಗ ಒಣಗಿದೆ. ಶೆಡ್ಡಿನ ಬಾಣಲೆ ಹೇಗಿದೆ, ಬರೆ.

ಕಾರ್ಯ ಆದಂದಿನಿಂದ ಹಿಂಬಾಗಿಲಿಗೆ ಅಗಳಿ ಹಾಕುತ್ತಿದ್ದೇನೆ. ಇನ್ನು ಯಾರಿಗೆ ತೆರೆದಿಡಲಿ? ಮೊದಮೊದಲು ಕೈಗೆ ಅಭ್ಯಾಸವಿರಲಿಲ್ಲ.

ನಿನ್ನೆ ಮಧ್ಯಾಹ್ನ ಎಲೆ ಹಚ್ಚುತ್ತ ಕೂತಿದ್ದೆ. ಹಿಂಬಾಗಿಲನ್ನು ಯಾರೋ ತಳ್ಳಿದರು. ಬಡಿಯಲಿಲ್ಲ, ಕೂಗಲಿಲ್ಲ. ತಮ್ಮ ಮನೆಯ ಬಾಗಿಲನ್ನು ತಳ್ಳುವ ಹಾಗೆ ಒಂದು ಸಲ ತಳ್ಳಿ, ಅಗಳಿ ಇರುವುದು ಗೊತ್ತಾಗಿ ನಿಂತರು. ಸೀಮೆಎಣ್ಣೆಯ ವಾಸನೆ ಬಂತು ಎಂದು ಬರೆಯಲಾರೆ. ಪಕ್ಕದ ಮನೆಯಲ್ಲಿ ಸ್ಟವ್ ಹಚ್ಚಿದ್ದರು. ಪುಟ್ಟತಾಯಮ್ಮ ಆದರೆ ಬೀದಿಗೆ ಕೇಳುವ ಹಾಗೆ ಕಿರುಚುತ್ತಾಳೆ. ಇದು ಅವಳಲ್ಲ.

ನಾನು ಏಳಲಿಲ್ಲ. ಕೂತಲ್ಲಿಂದಲೇ, "ಉಳಿ ಇಲ್ಲಿಲ್ಲ ಕಣ್ರೀ. ನೀರಿಗ್ ಬುಟ್ಟಿವ್ನಿ. ನಿಮ್ ಕಾರ್ಯಾನೂ ಆಯ್ತು" ಎಂದೆ. ಆಚೆ ಕಡೆ ಉಸಿರು ಬಿಟ್ಟ ಹಾಗಾಯಿತು. ಉಸಿರು ಇದ್ದವರ ಉಸಿರೋ, ಗಾಳಿಯೋ, ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ಎದ್ದು ಅಗಳಿ ತೆಗೆದಿದ್ದರೆ ತಿಳಿಯುತ್ತಿತ್ತು. ನೀನಾಗಿದ್ದರೆ ತೆಗೆಯುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲ ಹತ್ತಿರ ಹೋದೆ. ಯಾರೂ ಇರಲಿಲ್ಲ. ಹೊಸ್ತಿಲ ಕಲ್ಲು ಒಣಗಿದೆಯೋ ಒದ್ದೆಯಾಗಿದೆಯೋ ನೋಡಿದ್ದರೆ ಬಂದವರು ಯಾರೆಂದು ಗೊತ್ತಾಗುತ್ತಿತ್ತು, ನೀನು ಹುಡುಕುತ್ತಿರುವವರೋ, ನಾನು ಕಳಿಸಿಕೊಟ್ಟವರೋ. ನೋಡಲಿಲ್ಲ. ಬಾಗಿಲು ತೆರೆಯುವಾಗ ಕಣ್ಣು ಮುಚ್ಚಿಕೊಂಡಿದ್ದೆ, ಕಣ್ಣು ಬಿಡುವ ಮುಂಚೆಯೇ ಕೈಯಲ್ಲಿದ್ದ ಬಿಂದಿಗೆಯ ನೀರನ್ನೆಲ್ಲ ಹೊಸ್ತಿಲ ಮೇಲೆ ಸುರಿದುಬಿಟ್ಟೆ.

ಸಿದ್ದಗಂಗಯ್ಯನವರ ಹೆಂಡತಿ,
ಹೊಂಬಾಳಮ್ಮ